ಕಳೆದುಹೋದ ಒಡವೆ ಹುಡುಕಲು ಎಷ್ಟು ಕಿಲೋಹರ್ಟ್ಸ್ ಬೇಕು?

ಹೋದ ವರ್ಷ ಕುಂದಾಪುರದ ಕಡೆ ನಮ್ಮ ನೆಂಟರ ಮನೆಯಲ್ಲಿ ಮದುವೆ. ಚಪ್ಪರ ಬಿಚ್ಚಿದ ಮರುದಿನ ಬೆಳಿಗ್ಗೆ ಚಿಕ್ಕಮ್ಮನ ಫೋನ್ ಬಂತು. "ಒಂದು ಕಿವಿಯ ಜುಮುಕಿ ಇಲ್ಲ ಮಾರಾಯ. ನಿನ್ನ ಆ ಕೂಗುವ ಕೋಲು ತಗೊಂಡು ಬಾ." ಕೂಗುವ ಕೋಲು ಅಂದರೆ ನನ್ನ ಮೆಟಲ್ ಡಿಟೆಕ್ಟರ್, ಲೋಹ ಸಿಕ್ಕರೆ ಸದ್ದು ಮಾಡುವ ಮೆಷಿನ್.

ಹೋದೆ. ಏಳೆಂಟು ಜನ ಅಂಗಳದಲ್ಲಿ ಬಗ್ಗಿ ಬಗ್ಗಿ ಹುಡುಕಿ ಸೊಂಟ ಹಿಡಿದುಕೊಂಡು ಕೂತಿದ್ದರು. ಎಲ್ಲಿ ಬಿತ್ತು, ಯಾವಾಗ ಬಿತ್ತು ಅಂತ ಎಲ್ಲರೂ ಒಟ್ಟಿಗೆ ಹೇಳಲು ಶುರು ಮಾಡಿದರು. ನಾನು ಕೇಳಿದ್ದು ಒಂದೇ: "ಚಿಕ್ಕಮ್ಮ, ಇನ್ನೊಂದು ಜುಮುಕಿ ಸ್ವಲ್ಪ ಕೊಡಿ."

ಅದನ್ನು ಚಾವಡಿಯಲ್ಲಿ ಮರದ ಮಣೆಯ ಮೇಲೆ ಇಟ್ಟೆ. ನನ್ನ ಹತ್ತಿರ ಎರಡು ಮೆಷಿನ್ ಇತ್ತು. ಒಂದು 10 ಕಿಲೋಹರ್ಟ್ಸ್‌ಗಿಂತ ಕಡಿಮೆಯ ಹಳೆಯದು. ಇನ್ನೊಂದು ಗೆಳೆಯನಿಂದ ಎರವಲು ತಂದ 40ಕ್ಕೂ ಮೇಲಿನದು. ಹಳೆಯದರ ಕಾಯಿಲ್ (ಕೋಲಿನ ತುದಿಯ ತಟ್ಟೆ) ಅರ್ಧ ಗೇಣು ಎತ್ತರದಲ್ಲಿ ಆಡಿಸಿದಾಗ ಜುಮುಕಿಗೆ ಮೆಲ್ಲಗೆ ಕೂಗಿತು. ಎರವಲಿನದು ಒಂದು ಗೇಣಿಗೂ ಮೇಲಿನಿಂದಲೇ ಗಟ್ಟಿಯಾಗಿ ಕೂಗಿತು. ಆಮೇಲೆ ತಿರುಪು ಬಿಚ್ಚಿ ಅದೊಂದನ್ನೇ ಮಣೆಯ ಮೇಲೆ ಇಟ್ಟೆ. ಹಳೆಯ ಮೆಷಿನ್ ಕಾಯಿಲ್ ತಾಗಿಸಿದರೂ ತುಟಿ ಬಿಚ್ಚಲಿಲ್ಲ. ಇನ್ನೊಂದು ಎರಡು ಬೆರಳು ಎತ್ತರದಿಂದ 'ಚಿರ್' ಅಂದಿತು.

ಹಾಗಾದರೆ ಎರವಲಿನದೇ ಒಳ್ಳೆಯದು ಅಲ್ವಾ? ಅಂಗಳಕ್ಕೆ ಇಳಿಯುವವರೆಗೆ ನನಗೂ ಹಾಗೇ ಅನ್ನಿಸಿತ್ತು. ಅದು ಕಬ್ಬಿಣದ ಅಂಶ ಇರುವ ಮುರಕಲ್ಲಿನ ಪುಡಿ ಹಾಕಿ ಬಡಿದು ಗಟ್ಟಿ ಮಾಡಿದ ಅಂಗಳ. ಹೆಜ್ಜೆಗೊಂದು ಕಿರುಚಾಟ. ಚಪ್ಪರದವರು ಬಿಟ್ಟುಹೋದ ಬೈಂಡಿಂಗ್ ತಂತಿ, ಮೊಳೆ, ಡೆಕೊರೇಷನ್‌ನ ಸ್ಟೇಪಲ್ ಪಿನ್ನು, ಎಲ್ಲದಕ್ಕೂ ಕೂಗಾಟ. ಸೆನ್ಸಿಟಿವಿಟಿ ಇಳಿಸಿ ಇಳಿಸಿ, ಮಣೆಯ ಮೇಲೆ ಕಂಡ ಆ ಒಂದು ಗೇಣು ಕೊನೆಗೆ ನಾಲ್ಕು ಬೆರಳಿಗೆ ಬಂದು ನಿಂತಿತು.

ಎಷ್ಟು ಕಿಲೋಹರ್ಟ್ಸ್ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ಎರಡು ಪ್ರಶ್ನೆ ವಾಪಸ್ ಕೇಳುತ್ತೇನೆ. ಕಳೆದದ್ದು ಏನು? ಬಿದ್ದದ್ದು ಎಂಥ ನೆಲದಲ್ಲಿ?

ಕಾಯಿಲ್ ಕೆಳಗೆ ಏನಾಗುತ್ತದೆ

ಕಾಯಿಲ್ ನೆಲದೊಳಗೆ ಒಂದು ಕಾಂತಕ್ಷೇತ್ರ ಕಳಿಸುತ್ತದೆ. ಅದು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. 15 ಕಿಲೋಹರ್ಟ್ಸ್ ಅಂದರೆ ಸೆಕೆಂಡಿಗೆ 15 ಸಾವಿರ ಸುತ್ತು. ಈ ಲೆಕ್ಕಕ್ಕೇ ಫ್ರೀಕ್ವೆನ್ಸಿ ಅನ್ನುವುದು. ಈ ಅದಲುಬದಲಿಗೆ ಲೋಹದೊಳಗೆ ಕರೆಂಟು ಸುಳಿಯಾಗಿ ತಿರುಗುತ್ತದೆ. ಆ ಸುಳಿ ತನ್ನದೇ ಒಂದು ಪುಟ್ಟ ಕಾಂತಕ್ಷೇತ್ರ ಹೊರಡಿಸುತ್ತದೆ. ಕಾಯಿಲ್ ಕೇಳಿಸಿಕೊಳ್ಳುವುದು ಅದನ್ನೇ.

ದೇವಸ್ಥಾನದ ದೊಡ್ಡ ಗಂಟೆಯನ್ನು ನೆನಪಿಸಿಕೊಳ್ಳಿ. ಒಮ್ಮೆ ಹೊಡೆದರೆ ಬಹಳ ಹೊತ್ತು ಗುಂಯ್ ಅನ್ನುತ್ತಲೇ ಇರುತ್ತದೆ. ಕಾಲಿನ ಗೆಜ್ಜೆ ಹಾಗಲ್ಲ. ಒಮ್ಮೆ ಅಲುಗಿಸಿದರೆ 'ಛಲ್' ಅಂದು ಮುಗಿಯಿತು, ಸದ್ದು ನಿಲ್ಲಬಾರದು ಅಂದರೆ ಬೇಗ ಬೇಗ ಅಲುಗಿಸುತ್ತಲೇ ಇರಬೇಕು. ದಪ್ಪ ಬೆಳ್ಳಿ ನಾಣ್ಯ, ಅಗಲ ಬಳೆಯೊಳಗಿನ ಸುಳಿ ಗಂಟೆಯ ಥರ, ನಿಧಾನಕ್ಕೆ ಸಾಯುತ್ತದೆ. ಅದಕ್ಕೆ ಕಡಿಮೆ ಫ್ರೀಕ್ವೆನ್ಸಿ ಸಾಕು. ತಿರುಪು, ಮೂಗುಬೊಟ್ಟು, ಸರದ ಕೊಂಡಿ ಎಲ್ಲ ಗೆಜ್ಜೆಯ ಜಾತಿ. ಅವಕ್ಕೆ ಜಾಸ್ತಿ ಫ್ರೀಕ್ವೆನ್ಸಿ ಬೇಕು.

ಇಲ್ಲಿ ಚಿನ್ನ ಅನ್ನುವ ಮಾತು ಎಲ್ಲೂ ಬರಲಿಲ್ಲ, ಗಮನಿಸಿ. ಮೆಷಿನ್‌ಗೆ ಚಿನ್ನ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸುಳಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು. ಅದನ್ನೇ ಪರದೆಯ ಮೇಲೆ ಒಂದು ನಂಬರ್ ಮಾಡಿ ತೋರಿಸುತ್ತದೆ. ಮಾತ್ರೆ ಸ್ಟ್ರಿಪ್ಪಿನ ಅಲ್ಯೂಮಿನಿಯಂ ಚೂರು ಮತ್ತು ಒಂದು ಪುಟ್ಟ ಚಿನ್ನದ ಉಂಗುರ ಒಂದೇ ನಂಬರ್ ತೋರಿಸಬಹುದು. 'ಚಿನ್ನ ಮಾತ್ರ ತೋರಿಸುವ ಫ್ರೀಕ್ವೆನ್ಸಿ' ಅಂತ ಯಾರಾದರೂ ಮಾರಲು ಬಂದರೆ ಅಲ್ಲಿಂದಲೇ ಎದ್ದು ಬನ್ನಿ.

ನಮ್ಮ ಚಿನ್ನ, ಅವರ ಚಿನ್ನ

ಫ್ರೀಕ್ವೆನ್ಸಿ ಬಗ್ಗೆ ಸಿಗುವ ಬರಹ, ವಿಡಿಯೋ ಹೆಚ್ಚಿನವು ಅಮೆರಿಕ, ಯುರೋಪಿನವರದ್ದು. ಅಮೆರಿಕದ ಉಂಗುರ ಸಾಮಾನ್ಯವಾಗಿ 10 ಅಥವಾ 14 ಕ್ಯಾರೆಟ್. ನಮ್ಮದು 22 ಕ್ಯಾರೆಟ್, ಅಂದರೆ 91.6 ಪಾಲು ಚಿನ್ನ. ಅದಕ್ಕೇ 916 ಮುದ್ರೆ. ಶುದ್ಧ ಚಿನ್ನದಲ್ಲಿ ಕರೆಂಟು ಚೆನ್ನಾಗಿ ಹರಿಯುತ್ತದೆ, ತಾಮ್ರದ 70 ಪಾಲಿನಷ್ಟು. ವಿಚಿತ್ರ ಏನೆಂದರೆ, ಅದಕ್ಕೆ ತಾಮ್ರ, ಬೆಳ್ಳಿ ಬೆರೆಸಿದ ಕೂಡಲೇ ಹರಿವು ಜೋರಾಗಿ ಬೀಳುತ್ತದೆ. ಬೆರೆಸಿದ ಎರಡೂ ಒಳ್ಳೆಯ ವಾಹಕಗಳೇ, ಆದರೂ ಮಿಶ್ರಣ ಮಾತ್ರ ಮಂದ. 14, 18 ಕ್ಯಾರೆಟ್‌ನಲ್ಲಿ ಈ ಪೆಟ್ಟು ಜಾಸ್ತಿ, 22ರಲ್ಲಿ ಕಡಿಮೆ. ಆದ್ದರಿಂದ ಅದೇ ಅಳತೆಯ ನಮ್ಮ ಉಂಗುರ ಪರದೆಯ ಮೇಲೆ ಅವರದ್ದಕ್ಕಿಂತ ಮೇಲಿನ ನಂಬರ್ ತೋರಿಸುತ್ತದೆ.

ನಾಣ್ಯಗಳ ಕಥೆಯೂ ಹೀಗೇ. 'ನಿಕಲ್ ನಂಬರ್ ಬಂದರೆ ತಪ್ಪದೆ ಅಗೆಯಿರಿ' ಅನ್ನುವುದು ಅಮೆರಿಕದವರ ಮಾತು. ನಿಕಲ್ ಅಂದರೆ ಅವರ 5 ಸೆಂಟಿನ ನಾಣ್ಯ. ಅದರ ನಂಬರ್, ಚಿನ್ನದ ಉಂಗುರದ ನಂಬರ್ ಹತ್ತಿರ ಹತ್ತಿರ ಬೀಳುತ್ತವೆ. ನಮ್ಮ ಒಂದು, ಎರಡು ರೂಪಾಯಿ ನಾಣ್ಯಗಳು ಈಗ ಸ್ಟೇನ್‌ಲೆಸ್ ಸ್ಟೀಲ್. ಕಾಂತಕ್ಕೆ ಅಂಟುತ್ತವೆ. ನಂಬರ್ ಒಂದು ಕಡೆ ನಿಲ್ಲದೆ ಕುಣಿಯುತ್ತದೆ. ಅವರ ಚಾರ್ಟ್ ನಮ್ಮ ನೆಲಕ್ಕೆ ಹೊಂದುವುದಿಲ್ಲ. ನಿಮ್ಮ ಮನೆಯ ಒಡವೆ ಮಣೆಯ ಮೇಲಿಟ್ಟು ನೀವೇ ಒಂದು ಚಾರ್ಟ್ ಬರೆದುಕೊಳ್ಳಿ. ಅರ್ಧ ಗಂಟೆಯ ಕೆಲಸ.

ಒಡವೆಯ ಆಕಾರ

ಉಂಗುರ ಎಲ್ಲಕ್ಕಿಂತ ಸುಲಭ. ಅದು ಮುಚ್ಚಿದ ಸುತ್ತು, ಸುಳಿ ಕರೆಂಟಿಗೆ ಹೇಳಿ ಮಾಡಿಸಿದ ದಾರಿ. ಬಳೆಯೂ ಹಾಗೇ. ಇವಕ್ಕೆ 8 ಆದರೂ ಆದೀತು, 15 ಆದರೂ ಆದೀತು.

ಕಿವಿಯ ರಿಂಗ್ ತಗೊಂಡು ಒಂದು ಆಟ ಆಡಿ ನೋಡಿ. ಕೊಂಡಿ ಹಾಕಿ ಕಾಯಿಲ್ ಆಡಿಸಿ. ಚೆನ್ನಾಗಿ ಕೂಗುತ್ತದೆ. ಈಗ ಕೊಂಡಿ ಬಿಚ್ಚಿ ಅಲ್ಲೇ ಇಡಿ. ಅದೇ ಚಿನ್ನ, ಅದೇ ತೂಕ, ಸದ್ದು ಮಾತ್ರ ಕುಸಿಯುತ್ತದೆ. ಸುತ್ತು ಕಡಿದುಹೋಯಿತು, ಇನ್ನು ಸುಳಿ ತಿರುಗಬೇಕಾದ್ದು ಆ ತಂತಿಯ ದಪ್ಪದೊಳಗೆ ಮಾತ್ರ. ಕಿವಿಯಿಂದ ಜಾರಿ ಬಿದ್ದ ರಿಂಗು ಬೀಳುವಾಗ ಹೆಚ್ಚಾಗಿ ಕೊಂಡಿ ಬಿಚ್ಚಿಯೇ ಬಿದ್ದಿರುತ್ತದೆ ಅಲ್ವಾ? ಅದಕ್ಕೆ ಪರೀಕ್ಷೆ ಮಾಡುವಾಗಲೂ ಬಿಚ್ಚಿಯೇ ಮಾಡಿ.

ಸರ ಅಂದರೆ ತಲೆನೋವು. ಮೂರು ಪವನಿನ ಸರ, ಮೆಷಿನ್ ಕಿವಿ ಕಿತ್ತುಹೋಗುವ ಹಾಗೆ ಕೂಗಬೇಕು ಅಂತ ನಮ್ಮ ಲೆಕ್ಕ. ಹಾಗಾಗುವುದಿಲ್ಲ. ಕೊಂಡಿ ಕೊಂಡಿಗೆ ತಾಗುವ ಜಾಗ ಕೂದಲೆಳೆಯಷ್ಟು, ಕರೆಂಟು ದಾಟುವುದು ಕಷ್ಟ. ಮೆಷಿನ್ ಪಾಲಿಗೆ ಅದು ಒಂದು ಸರ ಅಲ್ಲ, ನೂರಾರು ಪುಟಾಣಿ ಕೊಂಡಿಗಳು. ತೆಳ್ಳಗಿನ ಎಳೆಯ ಸರ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಕಾಯಿಲ್ ಕೆಳಗೇ ಇದ್ದರೂ ಗೊತ್ತಾಗುವುದಿಲ್ಲ. ಕರಿಮಣಿ ಇನ್ನೂ ಕಷ್ಟ, ನಡುವೆ ಇರುವುದು ಗಾಜಿನ ಮಣಿ. ಅಲ್ಲಿ ಕೂಗುವುದು ತಾಳಿ, ಗುಂಡು, ಹಿಂದಿನ ಕೊಂಡಿ, ಅಷ್ಟೇ. ಸರ ಕಳೆದಿದ್ದರೆ 'ಪದಕ ಇತ್ತಾ?' ಅಂತ ಮೊದಲು ಕೇಳಿ. ಇತ್ತು ಅಂದರೆ ಪದಕಕ್ಕೆ ತಕ್ಕ ಮೆಷಿನ್ ಸಾಕು. ಇಲ್ಲ ಅಂದರೆ 40ರ ಮೇಲಿನದು, ಪುಟ್ಟ ಕಾಯಿಲ್, ಮತ್ತು ತಾಳ್ಮೆ.

ಯಾವುದು ಯಾರಿಗೆ

5ರಿಂದ 8 ಕಿಲೋಹರ್ಟ್ಸ್. ಗ್ಯಾರೆಟ್ ಏಸ್ 250 ಓಡುವುದು 6.5ರಲ್ಲಿ, ಏಸ್ 300 ಓಡುವುದು 8ರಲ್ಲಿ. ಬೆಳ್ಳಿ ಕಾಲುಚೈನು, ದಪ್ಪ ಉಂಗುರ, ಬಳೆಗೆ ಪರವಾಗಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕರೆ ಕಲಿಯಲು ತಗೊಳ್ಳಿ. ಓಲೆ, ಮೂಗುಬೊಟ್ಟಿಗೆ ಅಂತ ತಗೊಳ್ಳಬೇಡಿ.

12ರಿಂದ 20. ಮನೆ ಅಂಗಳ, ತೋಟ, ಆಟದ ಮೈದಾನಕ್ಕೆ ಒಂದೇ ಮೆಷಿನ್ ಅಂದರೆ ನನ್ನ ಓಟು ಇದಕ್ಕೇ. ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್ 12ರಲ್ಲಿ, ಗ್ಯಾರೆಟ್ ಎಟಿ ಪ್ರೊ 15ರಲ್ಲಿ, ಎಟಿ ಗೋಲ್ಡ್ 18ರಲ್ಲಿ, ಫಿಶರ್ ಗೋಲ್ಡ್ ಬಗ್ ಪ್ರೊ 19ರಲ್ಲಿ ಕೆಲಸ ಮಾಡುತ್ತವೆ. ಉಂಗುರವನ್ನು ಬಿಟ್ಟುಕೊಡುವುದಿಲ್ಲ, ಜುಮುಕಿಯನ್ನು ಹಿಡಿಯುತ್ತವೆ, ಕೆಂಪು ಮಣ್ಣಿನಲ್ಲೂ ಹುಚ್ಚು ಹಿಡಿದಂತೆ ಆಡುವುದಿಲ್ಲ. ತಿರುಪಿಗೆ ಮಾತ್ರ ಅದೃಷ್ಟ ಬೇಕು. 12ಕ್ಕೂ 15ಕ್ಕೂ ನಡುವೆ ತೂಗಿ ತೂಗಿ ನಿದ್ದೆ ಕೆಡಿಸಿಕೊಳ್ಳಬೇಡಿ. 6ಕ್ಕೂ 18ಕ್ಕೂ ಇರುವುದು ನಿಜವಾದ ವ್ಯತ್ಯಾಸ. ಅಕ್ಕಪಕ್ಕದ ನಂಬರುಗಳ ನಡುವೆ ಕಾಯಿಲ್‌ನ ಅಳತೆಯೇ ಜಾಸ್ತಿ ಮುಖ್ಯ.

40ರಿಂದ 71. ಮೈನ್‌ಲ್ಯಾಬ್ ಗೋಲ್ಡ್ ಮಾನ್‌ಸ್ಟರ್ 1000 ಇರುವುದು 45ರಲ್ಲಿ, ನೋಕ್ಟಾದ ಗೋಲ್ಡ್ ಕ್ರೂಸರ್ 61ರಲ್ಲಿ, ಫಿಶರ್ ಗೋಲ್ಡ್ ಬಗ್ 2 ಬರೋಬ್ಬರಿ 71ರಲ್ಲಿ. ಇವನ್ನು ಮಾಡಿದ್ದು ಆಸ್ಟ್ರೇಲಿಯಾ, ಅಮೆರಿಕದ ಚಿನ್ನದ ಬಯಲುಗಳಲ್ಲಿ ಅಕ್ಕಿಕಾಳಿನಷ್ಟು ಚಿನ್ನದ ಗಟ್ಟಿ ಹುಡುಕುವವರಿಗಾಗಿ. (ಇದನ್ನು ಹಿಡಿದು ಕೆಜಿಎಫ್ ಕಡೆ ಓಡಬೇಡಿ. ಅಲ್ಲಿನ ಚಿನ್ನ ಬಿಳಿಕಲ್ಲಿನೊಳಗೆ ಸಣ್ಣ ಕಣಗಳಾಗಿ ಹಂಚಿಹೋಗಿದೆ.) ಒಡವೆಯ ಮಟ್ಟಿಗೆ ಇವು ತಿರುಪು, ಮೂಗುಬೊಟ್ಟು, ತೆಳ್ಳಗಿನ ಸರಕ್ಕೆ ಹೇಳಿದ ಆಯುಧ. ಎರಡು ಷರತ್ತು: ಕಸ ಕಡಿಮೆ ಇರಬೇಕು, ನೆಲ ಉಪ್ಪು ನೀರಿನಲ್ಲಿ ನೆನೆದಿರಬಾರದು.

ಆಳದ ಬಗ್ಗೆ ಒಂದು ಮಾತು. ಫ್ರೀಕ್ವೆನ್ಸಿ ಏರಿಸಿದರೆ ಆಳ ಸಿಗುತ್ತದೆ ಅಂತ ಕೆಲವರು, ಇಳಿಸಿದರೆ ಸಿಗುತ್ತದೆ ಅಂತ ಕೆಲವರು. ಕಾಯಿಲ್‌ನಿಂದ ಸ್ವಲ್ಪ ದೂರದಲ್ಲಿರುವ ಸಣ್ಣ ವಸ್ತುವಿನ ಸದ್ದು, ದೂರ ಎರಡು ಪಟ್ಟಾದರೆ ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಯಾವ ಫ್ರೀಕ್ವೆನ್ಸಿಯೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರದು. ಕಾಯಿಲ್ ನೆಲ ಸವರುವಷ್ಟು ಕೆಳಗೆ ಹಿಡಿದರೆ ಸಿಗುವ ಲಾಭ, ದುಬಾರಿ ಮೆಷಿನ್‌ನಿಂದಲೂ ಸಿಗುವುದಿಲ್ಲ.

ಕಡಲ ತೀರ ಬೇರೆಯೇ ಲೋಕ

ಮಲ್ಪೆಯಲ್ಲೋ ಮರವಂತೆಯಲ್ಲೋ ಅಲೆಗೆ ಕೈ ಕೊಟ್ಟು ಆಡುವಾಗ ಉಂಗುರ ಜಾರುತ್ತದೆ. ತಣ್ಣನೆ ನೀರಿಗೆ ಬೆರಳು ಸಣ್ಣಗಾಗುತ್ತದೆ, ಜೊತೆಗೆ ಸನ್‌ಸ್ಕ್ರೀನಿನ ಜಿಡ್ಡು. ಮೇಲಿನ ಒಣ ಮರಳಿನಲ್ಲಿ ಬಿದ್ದಿದ್ದರೆ ಯಾವ 15 ಕಿಲೋಹರ್ಟ್ಸ್ ಮೆಷಿನ್ ಆದರೂ ಆದೀತು. ಅಲೆ ನೆನೆಸಿ ಹೋಗುವ ಜಾಗಕ್ಕೆ ಇಳಿದರೆ ಲೆಕ್ಕವೆಲ್ಲ ತಲೆಕೆಳಗು.

ಕಾರಣ ಉಪ್ಪು. ಉಪ್ಪು ನೀರಿನಲ್ಲೂ ಕರೆಂಟು ಹರಿಯುತ್ತದೆ, ಆದರೆ ಬಹಳ ಮಂದವಾಗಿ. ಆ ಮಂದ ಸುಳಿ ಬೇಗ ಸಾಯುತ್ತದೆ, ಥೇಟ್ ಮೂಗುಬೊಟ್ಟಿನ ಥರ. ಫ್ರೀಕ್ವೆನ್ಸಿ ಏರಿಸಿದಷ್ಟೂ ಉಪ್ಪಿನ ಸದ್ದೂ ಏರುತ್ತದೆ. 45 ಕಿಲೋಹರ್ಟ್ಸ್‌ಗೆ ನೆನೆದ ಮರಳು ಅಂದರೆ ಉದ್ದಕ್ಕೂ ಹಾಸಿದ ಒಂದು ದೊಡ್ಡ ಮೂಗುಬೊಟ್ಟು. ನನಗೆ ಇದು ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ. 'ಚಿನ್ನಕ್ಕೆ ಅಂತಲೇ ಮಾಡಿದ್ದು ಸಾರ್, ಬೀಚಿಗೆ ಬೆಸ್ಟ್' ಅಂತ ಅಂಗಡಿಯವರೊಬ್ಬರು ಹೆಚ್ಚು ಫ್ರೀಕ್ವೆನ್ಸಿಯದ್ದನ್ನು ದಾಟಿಸಿದರು. ಮೊದಲ ಸಂಜೆ ಅಲೆಯ ಅಂಚಿನಲ್ಲಿ ಅದು ಒಂದೇ ಸಮ ಕೂಗಿದ್ದು ನೋಡಿ ಪಕ್ಕದಲ್ಲಿ ಚುರುಮುರಿ ಮಾರುವವನು "ಕೆಟ್ಟುಹೋಗಿದೆಯಾ?" ಅಂತ ಕೇಳಿದ. ಕೆಟ್ಟಿರಲಿಲ್ಲ. ತನ್ನ ಕೆಲಸ ಅದು ಸರಿಯಾಗಿಯೇ ಮಾಡುತ್ತಿತ್ತು.

ಇಲ್ಲಿಗೆ ಬೇಕಾದ್ದು ಒಂದೇ ಹೊತ್ತಿಗೆ ಹಲವು ಫ್ರೀಕ್ವೆನ್ಸಿ ಕಳಿಸುವ ಮೆಷಿನ್. ಒಂದೊಂದು ಫ್ರೀಕ್ವೆನ್ಸಿಗೂ ಉಪ್ಪು ಕೊಡುವ ಉತ್ತರ, ಲೋಹ ಕೊಡುವ ಉತ್ತರ ಬೇರೆ ಬೇರೆ. ಎರಡನ್ನೂ ತಾಳೆ ನೋಡಿ ಮೆಷಿನ್ ಉಪ್ಪನ್ನು ಕಳೆದುಹಾಕುತ್ತದೆ. ಮೈನ್‌ಲ್ಯಾಬ್‌ನ ವ್ಯಾನ್‌ಕ್ವಿಶ್, ಇಕ್ವಿನಾಕ್ಸ್, ನೋಕ್ಟಾದ ಲೆಜೆಂಡ್ ಈ ಜಾತಿಯವು. ಹಳೆಯ ಎಕ್ಸ್‌ಕ್ಯಾಲಿಬರ್ 1.5ರಿಂದ 25.5ರವರೆಗೆ 17 ಫ್ರೀಕ್ವೆನ್ಸಿ ಬಳಸುತ್ತದೆ, ಇವತ್ತಿಗೂ ನೀರಿಗಿಳಿಯುವವರಿಗೆ ಅದರ ಮೇಲೆ ಪ್ರೀತಿ. ಇಕ್ವಿನಾಕ್ಸ್ 800ರಲ್ಲಿ 20, 40 ಕಿಲೋಹರ್ಟ್ಸ್ ಇದ್ದರೂ ಬೀಚ್ ಮೋಡ್‌ಗೆ ಹೋದರೆ ಅವು ಸಿಗುವುದಿಲ್ಲ. ಮಾಡಿದವರೇ ಬೇಡ ಅಂದುಬಿಟ್ಟಿದ್ದಾರೆ.

ಕೊಳ್ಳುವಾಗ ಒಂದು ಗುಂಡಿ ಇದೆ, ಬೀಳಬೇಡಿ. ಡಬ್ಬಿಯ ಮೇಲೆ 'ಮಲ್ಟಿ' ಅಂತ ಬರೆದ ಮಾತ್ರಕ್ಕೆ ಒಟ್ಟಿಗೆ ಓಡುತ್ತವೆ ಅಂತ ಅಲ್ಲ. ನೋಕ್ಟಾದ ಆನ್‌ಫಿಬಿಯೋ ಮಲ್ಟಿಯಲ್ಲಿ 5, 14, 20 ಮೂರೂ ಇವೆ, ಆದರೆ ಒಂದು ಸಲಕ್ಕೆ ಒಂದೇ. ಮೈನ್‌ಲ್ಯಾಬ್ ಎಕ್ಸ್‌ಟೆರಾ ಪ್ರೊ ಕೂಡ ಹಾಗೇ, 5, 8, 10, 15ರಲ್ಲಿ ನೀವೇ ಒಂದನ್ನು ಆರಿಸಬೇಕು. ಅಂಗಳಕ್ಕೆ ಇವು ಬಹಳ ಒಳ್ಳೆಯವು. ಬೆಳ್ಳಿಗೆ ಒಂದು, ಓಲೆಗೆ ಇನ್ನೊಂದು ಅಂತ ಬದಲಿಸಿಕೊಳ್ಳಬಹುದು. ನೆನೆದ ಮರಳಿಗೆ ಮಾತ್ರ ನಿಮಗೆ ಬೇಕಾದ್ದು ಇದಲ್ಲ. 'ಒಂದೇ ಹೊತ್ತಿಗೆ ಎಲ್ಲ ಓಡುತ್ತವಾ?' ಅಂತ ನೇರವಾಗಿ ಕೇಳಿ.

ಇನ್ನೊಂದು ದಾರಿ ಪಲ್ಸ್ ಇಂಡಕ್ಷನ್. ಗ್ಯಾರೆಟ್ ಸೀ ಹಂಟರ್ ಮಾರ್ಕ್ 2 ಆ ಥರದ್ದು. ಇದರಲ್ಲಿ ಫ್ರೀಕ್ವೆನ್ಸಿಯ ಲೆಕ್ಕವೇ ಬೇರೆ: ಒಂದು ಪೆಟ್ಟು ಕೊಟ್ಟು, ಕೆಲವು ಮೈಕ್ರೊಸೆಕೆಂಡು ಕಾದು, ಉಳಿದ ಸುಳಿಯನ್ನು ಕೇಳಿಸಿಕೊಳ್ಳುವುದು. ಉಪ್ಪಿನ ಸುಳಿ ಅಷ್ಟರಲ್ಲಿ ಸತ್ತಿರುತ್ತದೆ. ಜಾಸ್ತಿ ಹೊತ್ತು ಕಾದರೆ ತೆಳ್ಳಗಿನ ಚಿನ್ನದ ಸುಳಿಯೂ ಸತ್ತಿರುತ್ತದೆ, ಅದು ಇದರ ಮಿತಿ. ದಪ್ಪ ಉಂಗುರ ಆಳದಲ್ಲಿದ್ದರೆ ಇದಕ್ಕೆ ಸರಿಸಾಟಿ ಕಷ್ಟ. ಆದರೆ ಕಬ್ಬಿಣ ಯಾವುದು, ಚಿನ್ನ ಯಾವುದು ಅಂತ ಇದು ನೆಟ್ಟಗೆ ಹೇಳುವುದಿಲ್ಲ. ಬಾಟಲಿ ಮುಚ್ಚಳ, ಬಲೆಯ ತಂತಿ, ಎಲ್ಲ ಅಗೆಯಬೇಕು. ಮೀನುಗಾರಿಕೆಯ ದೋಣಿ ಎಳೆಯುವ ಜಾಗದಲ್ಲಿ ಒಂದು ಬೆಳಿಗ್ಗೆ ಪ್ರಯತ್ನಿಸಿ ಸಾಕಪ್ಪಾ ಅನ್ನಿಸಿತು.

ಕಪ್ಪು ಮರಳು ಕಂಡರೆ ಕಾಂತದ ತುಂಡೊಂದನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಮರಳಿನಲ್ಲಿ ಎಳೆಯಿರಿ. ಮೀಸೆ ಬಂದಂತೆ ಕಣಗಳು ಅಂಟಿಕೊಂಡರೆ ನೆಲದಲ್ಲಿ ಕಬ್ಬಿಣದ ಅಂಶ ಜಾಸ್ತಿ ಅಂತ ಅರ್ಥ. ಅಂಥಲ್ಲಿ ಏಕ ಫ್ರೀಕ್ವೆನ್ಸಿಗಿಂತ ಮಲ್ಟಿ ಅಥವಾ ಪಲ್ಸ್ ವಾಸಿ. ಮುರಕಲ್ಲಿನ ಅಂಗಳದಲ್ಲೂ ಇದೇ ಪರೀಕ್ಷೆ ಮಾಡಬಹುದು.

ಮೆಷಿನ್ ಹಿಡಿದ ಮೇಲೆ

ಡಿಸ್ಕ್ರಿಮಿನೇಷನ್ ಅಂದರೆ ಕಸ ಬೇಡ ಅಂತ ಕೆಲವು ನಂಬರು ಮುಚ್ಚುವುದು. ಚಿನ್ನ ಹುಡುಕುವಾಗ ಅದನ್ನು ಆದಷ್ಟು ತೆರೆದೇ ಇಡಿ. ಫಾಯಿಲ್ ನಂಬರು ಮುಚ್ಚಿದಿರೋ, ಓಲೆಯೂ ಅದರ ಜೊತೆಗೇ ಹೋಯಿತು. ಬೇಕಾದರೆ ಕಬ್ಬಿಣದ ನಂಬರು ಮಾತ್ರ ಮುಚ್ಚಿ.

ಮೊಬೈಲ್ ಜೇಬಿನಿಂದ ತೆಗೆದು ದೂರ ಇಡಿ. ಮದುವೆ ಮನೆಯಾದರೆ ಸೀರಿಯಲ್ ಸೆಟ್ಟು, ಇನ್ವರ್ಟರ್, ಪಂಪು ಆಫ್ ಮಾಡಿಸಿ. ಸುಮ್ಮನೆ ಕುಟುಕುಟು ಅನ್ನುವ ಮೆಷಿನ್ ಎಷ್ಟೋ ಸಲ ಅಲ್ಲೇ ತಣ್ಣಗಾಗುತ್ತದೆ.

ಸಣ್ಣ ಒಡವೆಗೆ ಐದಾರು ಇಂಚಿನ ಕಾಯಿಲ್ ಹಾಕಿ. ದೊಡ್ಡ ಕಾಯಿಲ್ ಕೆಳಗೆ ಮೊಳೆ, ಓಲೆ ಎರಡೂ ಒಟ್ಟಿಗೆ ಬಂದರೆ ಮೊಳೆಯ ಸದ್ದೇ ಗೆಲ್ಲುತ್ತದೆ. ಅಗೆಯಲು ಹಾರೆ ಬೇಡ, ಕೈಗುದ್ದಲಿಯಿಂದ ಬದಿಯಿಂದ ಎಬ್ಬಿಸಿ. 22 ಕ್ಯಾರೆಟ್ ಮೆತ್ತಗೆ, ಒಂದು ಪೆಟ್ಟಿಗೆ ಚಪ್ಪಟೆಯಾಗುತ್ತದೆ.

ಒಂದು ಎಚ್ಚರಿಕೆ, ಮೋಸದ ಬಗ್ಗೆ. ಎರಡು ಆಂಟೆನಾ ಕೋಲು, ಒಂದು ಹಿಡಿ, 'ಕಿಲೋಮೀಟರ್ ದೂರದ ಚಿನ್ನ ತೋರಿಸುತ್ತದೆ' ಅನ್ನುವ ಲಾಂಗ್ ರೇಂಜ್ ಮೆಷಿನ್‌ಗಳು ನಮ್ಮಲ್ಲಿ ನಿಧಿಯ ಆಸೆಗೆ ಬಿದ್ದವರಿಗೆ ಮಾರಾಟವಾಗುತ್ತವೆ. ಮೇಲಿನ 64ನೇ ಪಾಲಿನ ಲೆಕ್ಕ ಓದಿದವರಿಗೆ ಇದು ಯಾಕೆ ಆಗದ ಮಾತು ಅಂತ ಗೊತ್ತಾಗಿರಬೇಕು. ಇದೇ ಥರದ ಎಡಿಇ 651 ಅನ್ನುವ ಕೋಲನ್ನು ಬಾಂಬ್ ಪತ್ತೆಗೆ ಅಂತ ಇರಾಕಿಗೆ ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ ಬ್ರಿಟನ್ನಿನಲ್ಲಿ 2013ರಲ್ಲಿ ಹತ್ತು ವರ್ಷ ಜೈಲಾಯಿತು. ಅದರ ಮೂಲ ಗಾಲ್ಫ್ ಚೆಂಡು ಹುಡುಕಲು ಅಂತ ಮಾರುತ್ತಿದ್ದ ಆಟಿಕೆ.

ಹಳೆಯ ಗುಡಿ, ಕೋಟೆ, ವೀರಗಲ್ಲಿನ ಸುತ್ತ ಮೆಷಿನ್ ಹಿಡಿದು ಹೋಗಲೇಬೇಡಿ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. ಹೂತಿಟ್ಟ ನಿಧಿ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಕಡಲ ತೀರದಲ್ಲಿ ಯಾರದೋ ಉಂಗುರ ಸಿಕ್ಕಿತು ಅನ್ನಿ. ಒಳಗಡೆ ಭೂತಗನ್ನಡಿ ಹಿಡಿದು ನೋಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಗೆ ಅಕ್ಷರ, ಅಂಕಿ ಸೇರಿ ಆರರ ಎಚ್‌ಯುಐಡಿ ಅನ್ನುವ ಗುರುತಿನ ಸಂಖ್ಯೆ ಕಡ್ಡಾಯ. ಅದನ್ನು ಭಾರತೀಯ ಮಾನಕ ಬ್ಯೂರೊದ ಬಿಐಎಸ್ ಕೇರ್ ಆಪ್‌ಗೆ ಹಾಕಿದರೆ ಹಾಲ್‌ಮಾರ್ಕ್ ಮಾಡಿಸಿದ ಆಭರಣ ವ್ಯಾಪಾರಿಯ ನೋಂದಣಿ ವಿವರ ಸಿಗುತ್ತದೆ. ಹಾಗೆ ಹುಡುಕಿ ವಾಪಸ್ ಕೊಡುವುದರಲ್ಲಿ ಬೇರೆಯೇ ಒಂದು ಖುಷಿ ಇದೆ. ಜೊತೆಗೆ ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿ.

ಚಿಕ್ಕಮ್ಮನ ಜುಮುಕಿ ಅಂಗಳದಲ್ಲಿ ಇರಲೇ ಇಲ್ಲ. ಊಟದ ನಂತರ ಕೈ ತೊಳೆಯುವ ನಲ್ಲಿಯ ಹತ್ತಿರ, ಕೆಸರಿನೊಳಗೆ ಒಂದು ಬೆರಳು ಆಳದಲ್ಲಿ ಇತ್ತು. ಅಲ್ಲಿ ಮುರಕಲ್ಲಿನ ಪುಡಿ ಇರಲಿಲ್ಲ, ಬರೀ ಹೊಯ್ಗೆ ಮಣ್ಣು. ಅದಕ್ಕೇ ಹೆಚ್ಚಿನ ಫ್ರೀಕ್ವೆನ್ಸಿಯದ್ದೇ ಮೊದಲು ಕೂಗಿತು. ಹಳೆಯದನ್ನೂ ಆಮೇಲೆ ಅಲ್ಲಿ ಆಡಿಸಿ ನೋಡಿದೆ, ಅದೂ ಕೂಗಿತು. ತಿರುಪು ಮಾತ್ರ ಇನ್ನೂ ಸಿಕ್ಕಿಲ್ಲ. ಚಿಕ್ಕಮ್ಮ ಹೊಸದು ಮಾಡಿಸಿಕೊಂಡಿದ್ದಾರೆ, ಸಿಕ್ಕಿದಾಗಲೆಲ್ಲ "ಇನ್ನೊಮ್ಮೆ ಬಂದು ನೋಡೋ" ಅನ್ನುವುದನ್ನೂ ಬಿಟ್ಟಿಲ್ಲ.